ನೈರೋಬಿಯಲ್ಲಿ ಎಂಟನೆಯ ಹೆನ್ರಿಯ ಸಂಸಾರ

ಇಂಗ್ಲೆಂಡಿನ ರಾಜರಾಣಿಯರು ಸತ್ತು ನೂರಾರು ವರ್ಷಗಳಾದವು. ಆದರೂ ಅವರಿಂದ ನನಗೆ ಬಿಡುಗಡೆ ಸಿಕ್ಕಿಲ್ಲ. ಮೈಸೂರಿನಲ್ಲಿ ಎಂ.ಎ. ಓದುವಾಗ ಪರೀಕ್ಷೆಗಾಗಿ ಕಾಡಿದರು. ನೈರೋಬಿಗೆ ಬಂದು ನ್ಗಾರಾದ ಶಾಲೆಯಲ್ಲಿ ಚರಿತ್ರೆ ಹೇಳಿಕೊಡುವಾಗ ಮಕ್ಕಳ ಉತ್ತರಗಳ ಮೂಲಕ ಕಾಡಿದರು. ಕೊನೆಗೆ ಎಂಬತ್ತರ ದಶಕದಲ್ಲಿ ನಮ್ಮ ಕನ್ನಡ ಸಂಘಕ್ಕೂ ಬಂದು ಸೇರಿಕೊಂಡರು. ಮಹಿಳಾ ವಿಭಾಗದ ಕಾರ್ಯದರ್ಶಿಯಾಗಿ ಸಭೆಗಳ ನಡವಳಿ ಬರೆಯುತ್ತಿದ್ದವಳು ನಾನೇ. ಆದರೆ ಇಲ್ಲಿರುವುದು ನಡವಳಿಯಲ್ಲಿ ಬರೆಯಲಾಗದ ಸಂಗತಿಗಳು.

ರಾಣಿಯರು ಬಂದ ಬಗೆ

ಪ್ರತಿ ರಾಜ್ಯೋತ್ಸವಕ್ಕೂ ಗಂಡಸರದು ನಾಟಕ, ಹೆಂಗಸರದು ಅಡುಗೆ. ಗಂಡಸರು ವಿಜಯನಗರದ ದರ್ಬಾರಿನಲ್ಲಿ ಮೀಸೆ ತಿರುವುತ್ತಿದ್ದರೆ ನಾವು ಹಿಂದುಗಡೆ ಮುನ್ನೂರು ಜನರಿಗೆ ಬಿಸಿಬೇಳೆಬಾತು ತಿರುವುತ್ತಿದ್ದೆವು. ಒಂದು ವರ್ಷ ನಾನು ಸಭೆಯಲ್ಲಿ ಎದ್ದು, ಈ ಸಲ ನಾಟಕ ನಮಗೆ ಬೇಕು ಎಂದೆ.

ಅಧ್ಯಕ್ಷರು ಸಿರಿವಂತರ ಬಡಾವಣೆಯಾದ ಲೊರೆಶೋದಲ್ಲಿ ದೊಡ್ಡ ಮನೆ ಕಟ್ಟಿಸಿದ ಲೆಕ್ಕ ಪರಿಶೋಧಕರು. ಕನ್ನಡಕ ಕೆಳಗಿಳಿಸಿ ನನ್ನನ್ನು ನೋಡಿದರು.

"ಯಾವ ರಾಜನ ಕತೆ ಮಾಡ್ತೀರಾ ಟೀಚರ್? ಕೃಷ್ಣದೇವರಾಯ ನಾನೇ. ಪುಲಿಕೇಶಿ ನಮ್ಮ ಖಜಾಂಚಿ."

ನಮ್ಮ ರಾಜರನ್ನೆಲ್ಲ ಗಂಡಸರು ಆಗಲೇ ಹಂಚಿಕೊಂಡಿದ್ದರು. "ಹಾಗಾದರೆ ಇಂಗ್ಲೆಂಡಿನ ಎಂಟನೆಯ ಹೆನ್ರಿ, ಅವನ ಆರು ಹೆಂಡಿರು" ಎಂದೆ.

ಅವರು ನಕ್ಕು ಷರತ್ತು ಹಾಕಿದರು. "ಸರಿ, ಆವತ್ತು ಅಡುಗೆ ನಮ್ಮದು. ಆದ್ರೆ ನಾಟಕದ ಮಧ್ಯೆ ಜನ ಎದ್ದು ಹೋದ್ರೆ ಮುಂದಿನ ವರ್ಷದಿಂದ ಹೆಂಗಸರಿಗೆ ಮತ್ತೆ ಅಡುಗೆಮನೆಯೇ. ಸ್ಟೇಜಿನ ಮಾತು ಎತ್ತೋ ಹಾಗಿಲ್ಲ."

ಒಪ್ಪಿದೆವು. ನಂತರ ಹೆನ್ರಿಯ ಪಾತ್ರಕ್ಕೆ ಒಬ್ಬ ಗಂಡಸು ಬೇಕು ಎಂದೆ. ಅಡುಗೆಗೆ ಯಾರು ಬರುತ್ತೀರಿ ಎಂದಾಗ ಸೂರು ನೋಡುತ್ತಿದ್ದವರೆಲ್ಲ ಈಗ ಒಟ್ಟಿಗೇ ಕೈ ಎತ್ತಿದರು. ಅವರ ಹೆಂಡತಿಯರು ಒಂದೊಂದೇ ಕೈಯನ್ನು ಹಿಡಿದು ಕೆಳಗಿಳಿಸಿದರು. ಕೈ ಎತ್ತದೆ ಉಳಿದವರು ನೈರೋಬಿಯ ಹರ್ಲಿಂಗ್‌ಹ್ಯಾಮ್ ಬಡಾವಣೆಯ ಹಲ್ಲಿನ ಡಾಕ್ಟರು ಒಬ್ಬರೇ. ಅವರನ್ನೇ ರಾಜನನ್ನಾಗಿ ಮಾಡಿದೆವು.

ಆರು ಹೆಂಡಿರ ಹಂಚಿಕೆ

ಪಾತ್ರ ಹಂಚುವ ಸಭೆ ನಮ್ಮ ಮನೆಯಲ್ಲೇ ನಡೆಯಿತು. ಹೆನ್ರಿಯ ಸಂಸಾರವನ್ನು ಚುಟುಕಾಗಿ ಹೇಳಿದೆ: ಮೊದಲನೆಯವಳನ್ನು ಬಿಟ್ಟ, ಎರಡನೆಯವಳ ತಲೆ ಕಡಿಸಿದ, ಮೂರನೆಯವಳು ಬಾಣಂತಿತನದಲ್ಲಿ ಸತ್ತಳು, ನಾಲ್ಕನೆಯವಳಿಂದ ಬಿಡುಗಡೆ ಪಡೆದು ಅವಳಿಗೆ ಅರಮನೆ, ಜಮೀನು ಕೊಟ್ಟ, ಐದನೆಯವಳದೂ ತಲೆ ಹೋಯಿತು, ಆರನೆಯವಳು ಉಳಿದುಕೊಂಡಳು.

ನಾಲ್ಕನೆಯವಳ ಪಾತ್ರಕ್ಕೆ ನೂಕುನುಗ್ಗಲಾಯಿತು. "ಗಂಡನ ಕಾಟ ಇಲ್ಲ, ಇರೋಕೆ ಅರಮನೆ. ಇವಳು ಪುಣ್ಯವಂತೆ ಕಣ್ರೀ" ಎನ್ನುತ್ತ ಅಧ್ಯಕ್ಷರ ಹೆಂಡತಿಯೇ ಆ ಪಾತ್ರ ಹಿಡಿದುಕೊಂಡರು. ಇದು ಕಿವಿಗೆ ಬಿದ್ದಮೇಲೆ ಅಧ್ಯಕ್ಷರು ನನ್ನ ಹತ್ತಿರ, "ಹೆಂಗಸರಿಗೆ ಚರಿತ್ರೆ ಯಾಕೆ ಹೇಳಿಕೊಡಬಾರ್ದು ಅಂತ ಈಗ ಗೊತ್ತಾಯ್ತು" ಎಂದರು.

ಮಂಗಳೂರಿನ ಕ್ಯಾಥೊಲಿಕ್ ಟೀಚರಿಗೆ ಎರಡನೆಯ ರಾಣಿ ಆನ್ ಪಾತ್ರ ಕೊಡಹೋದೆ. ಅವರು ಹೌಹಾರಿದರು.

"ಅದೊಂದು ಬೇಡ ಮಾರಾಯ್ರೆ! ಅವಳನ್ನು ಕಟ್ಟಿಕೊಳ್ಳಲಿಕ್ಕೆ ಹೋಗಿ ಅಲ್ವಾ ಆ ರಾಜ ಪೋಪರ ಹತ್ರ ಜಗಳ ಮಾಡಿದ್ದು? ನಾನು ಆದಿತ್ಯವಾರ ಫಾದರಿಗೆ ಮುಖ ತೋರಿಸುವುದು ಬೇಡವಾ?"

ಅವರು ಮೊದಲನೆಯವಳಾದರು. ಮೂರನೆಯವಳು ನಮ್ಮ ಹೆರಿಗೆ ಡಾಕ್ಟರು. ಅವರು ಸಾಯಲು ಒಪ್ಪಲಿಲ್ಲ. "ಜ್ವರ ಬಂದ ದಿನವೇ ನನಗೆ ಹೇಳಿಕಳಿಸಿದ್ರೆ ಈ ಕೇಸು ಉಳೀತಿತ್ತು" ಎಂದು ಪ್ರತಿ ಅಭ್ಯಾಸದಲ್ಲೂ ಸಾಯುವ ಮೊದಲು ತಕರಾರು ತೆಗೆಯುತ್ತಿದ್ದರು. ತಲೆ ಹೋಗುವ ಐದನೆಯವಳ ಪಾತ್ರಕ್ಕೆ ಯಾರೂ ಸಿಗುವುದಿಲ್ಲವೆಂದು ನಾನು ಚಿಂತೆಯಲ್ಲಿದ್ದಾಗ, ಅತ್ತೆಯೊಬ್ಬರು ಎದ್ದುನಿಂತು ಹೊಸದಾಗಿ ಬೆಂಗಳೂರಿನಿಂದ ಬಂದಿದ್ದ ತಮ್ಮ ಸೊಸೆಯ ಹೆಸರನ್ನು ಬಹಳ ಉತ್ಸಾಹದಿಂದ ಬರೆಸಿದರು.

ಆರನೆಯ ರಾಣಿ ಓದಿದವಳು, ಪುಸ್ತಕ ಬರೆದವಳು, ಗಂಡನನ್ನು ಕಳಿಸಿ ತಾನು ಉಳಿದವಳು. ಆ ಪಾತ್ರಕ್ಕೆ ತಕ್ಕವರು ಯಾರೆಂದು ಚರ್ಚೆ ಮಾಡುವ ಅಗತ್ಯ ನನಗೆ ಕಾಣಲಿಲ್ಲ. ನಾನೇ ಮಾಡಿದೆ.

ಉಳಿದದ್ದು ಎರಡನೆಯವಳು. ಕುಂಕುಮವಿಟ್ಟ ಹಣೆಯನ್ನು ಪರಗಂಡಸಿನ ಮಾತಿನಂತೆ ಕತ್ತಿಗೆ ಒಡ್ಡಲು ಯಾರೂ ತಯಾರಿರಲಿಲ್ಲ. ಆಗ ಹಲ್ಲಿನ ಡಾಕ್ಟರ ಹೆಂಡತಿ, ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುವವರು, "ನಾನೇ ಮಾಡ್ತೀನಿ ಬಿಡಿ" ಎಂದರು. "ತಿಂಡಿಗೆ ಏನು ಮಾಡ್ಲಿ ಅಂತ ಕೇಳಿದ್ರೂ ನಿನ್ನಿಷ್ಟ ಅಂತಾರೆ. ನನ್ನ ತಲೆ ವಿಷಯದಲ್ಲಾದ್ರೂ ಅವರೇ ಒಂದು ತೀರ್ಮಾನ ತಗೊಳ್ಳಲಿ!"

ಮದುವೆಯಾಗದ ರಾಣಿ

ಆನ್‌ಳ ಮಗಳೇ ಮುಂದೆ ಮಹಾರಾಣಿಯಾದ ಮೊದಲನೆಯ ಎಲಿಜಬೆತ್. ನಾಟಕದ ಕೊನೆಗೆ ಅವಳು ಕಿರೀಟ ಧರಿಸಿ ಬರಬೇಕು. ನೈರೋಬಿಯಲ್ಲೇ ಹುಟ್ಟಿ ಬೆಳೆದ ಚೂಟಿ ಹುಡುಗಿಯೊಬ್ಬಳನ್ನು ಆರಿಸಿದ್ದೆ. ಮರುದಿನವೇ ಅವಳ ತಾಯಿ ಅವಳನ್ನೂ ಎಳೆದುಕೊಂಡು ನಮ್ಮ ಮನೆಗೆ ಬಂದರು.

"ಟೀಚರ್, ಆ ರಾಣಿ ಮದುವೆನೇ ಆಗ್ಲಿಲ್ವಂತೆ?"

"ಇಲ್ಲ. ಅದೇ ಅವಳ ಹೆಗ್ಗಳಿಕೆ."

"ಇವಳನ್ನ ನೋಡೋಕೆ ಹುಡುಗನ ಕಡೆಯವರು ಅದೇ ದಿನ ಬರ್ತಿದ್ದಾರೆ. ನಾಟಕಕ್ಕೂ ಬರ್ತಾರೆ. ಕೊನೆಗೆ ಒಂದು ಮದುವೆ ಮಾಡ್ಸಿಬಿಡಿ, ನಿಮಗೇನು ಕಷ್ಟ?"

ಮಗಳು ಹಣೆ ಚಚ್ಚಿಕೊಂಡಳು. "ಅಮ್ಮಾ, ಪ್ಲೀಸ್! ಇಟ್ಸ್ ಹಿಸ್ಟರಿ!"

ನಾನು ಸಮಾಧಾನವಾಗಿ ವಿವರಿಸಿದೆ. ಸ್ಪೇನಿನ ರಾಜ ಕೇಳಿದ, ಫ್ರಾನ್ಸಿನ ರಾಜಕುಮಾರ ಕೇಳಿದ, ಯಾರಿಗೂ ಅವಳು ಒಪ್ಪಲಿಲ್ಲ. ಒಬ್ಬಳೇ ರಾಜ್ಯ ಆಳಿದಳು, ಶತ್ರುಗಳ ಹಡಗುಪಡೆಯನ್ನು ಸೋಲಿಸಿದಳು, ಇವತ್ತಿಗೂ ಜಗತ್ತೆಲ್ಲ ಅವಳ ಹೆಸರು ಹೇಳುತ್ತದೆ.

ತಾಯಿ ಎಲ್ಲವನ್ನೂ ಕೇಳಿ ನಿಟ್ಟುಸಿರು ಬಿಟ್ಟರು. "ಫೇಮಸ್ ಆದ್ಲು, ಸರಿ ಟೀಚರ್. ಸೆಟಲ್ ಆಗ್ಲಿಲ್ವಲ್ಲ!"

ಮೆದು ಮಾತಿನ ರಾಜ

ಹಲ್ಲಿನ ಡಾಕ್ಟರು ಇಕ್ಕಳ ಕೈಗೆತ್ತಿಕೊಳ್ಳುವ ಮೊದಲೇ "ನೋವಾಯ್ತಾ?" ಎಂದು ಕೇಳುವ ಮನುಷ್ಯ. ಹೊಟ್ಟೆಗೆ ದಿಂಬು ಕಟ್ಟಿ, ಗಡ್ಡ ಅಂಟಿಸಿದೆವು. ದನಿಗೆ ಏನೂ ಕಟ್ಟಲಾಗಲಿಲ್ಲ. "ಇವಳ ತಲೆ ಕಡಿಯಿರಿ!" ಎಂದು ಗರ್ಜಿಸಬೇಕಾದ ಕಡೆ, "ಇವರನ್ನ ಸ್ವಲ್ಪ ಆ ಕಡೆ ಕರ್ಕೊಂಡು ಹೋಗ್ತೀರಾ?" ಎನ್ನುತ್ತಿದ್ದರು.

"ಡಾಕ್ಟ್ರೇ, ಸಿಟ್ಟು ಬರಲಿ" ಎಂದು ತಿದ್ದಿದೆ.

"ಬರ್ತಿದೆ ಮೇಡಂ. ಆದ್ರೆ ಪೇಷಂಟ್ ಗಾಬರಿಯಾಗ್ತಾರೆ."

ತಲೆ ಹೋದ ಮೇಲೆ

ನಾಟಕ ಶನಿವಾರ ಮಧ್ಯಾಹ್ನ, ಊಟಕ್ಕೆ ಮುಂಚೆ ಶುರುವಾಯಿತು. ಅದು ಅಧ್ಯಕ್ಷರ ಉಪಾಯ. ಹಸಿದವರು ಬೇಗ ಏಳುತ್ತಾರೆಂದು ಅವರಿಗೆ ಗೊತ್ತಿತ್ತು. ತಾವೇ ಸೌಟು ಹಿಡಿದು, ಅಡುಗೆಮನೆಯ ಬಾಗಿಲನ್ನು ಅಗಲವಾಗಿ ತೆರೆದಿಟ್ಟು, ಒಗ್ಗರಣೆಯ ಪರಿಮಳವನ್ನು ಸಭಾಂಗಣಕ್ಕೆ ಬಿಟ್ಟರು.

ಮೊದಲನೆಯ ರಾಣಿ ಕಣ್ಣೀರಿಡುವಾಗಲೇ ಹಿಂದಿನ ಸಾಲಿನಲ್ಲಿ ಕುರ್ಚಿಗಳು ಸರಿದಾಡಿದವು. ಆನ್ ಬರುವ ಹೊತ್ತಿಗೆ ಹತ್ತಾರು ಜನ ಎದ್ದು ನಿಂತಿದ್ದರು. ಪರದೆಯ ಪಕ್ಕದಲ್ಲಿ ನಿಂತಿದ್ದ ನನಗೆ ಮುಂದಿನ ವರ್ಷದ ಈರುಳ್ಳಿ ಆಗಲೇ ಕಣ್ಣಿಗೆ ಬಂತು.

ಸೈನಿಕರು ಆನ್‌ಳನ್ನು ವಧಾಸ್ಥಾನಕ್ಕೆ ಕರೆದೊಯ್ಯಬೇಕು. ಅವಳು ತಿರುಗಿ ನಿಂತು, "ಪ್ರಭು, ಇದೇ ನನ್ನ ಕೊನೆಯ ವಿದಾಯ" ಎನ್ನಬೇಕು. ಇಷ್ಟು ಸರಳವಾದ ಮಾತು. ಆದರೆ ನಮ್ಮ ಹೆಂಗಸರು ಬಾಗಿಲು ದಾಟುವಾಗ ಹೋಗುತ್ತೇನೆ ಎಂದು ಎಂದಾದರೂ ಹೇಳಿದ್ದುಂಟೇ? ಡಾಕ್ಟರ ಹೆಂಡತಿ ತಿರುಗಿದರು, ಗಂಡನ ಮುಖ ನೋಡಿದರು, ಮಾತು ಮರೆತುಹೋಯಿತು, ದಿನವೂ ಬರುವ ಮಾತು ಬಾಯಿಗೆ ಬಂತು.

"ರೀ, ಹೋಗ್ ಬರ್ತೀನಿ."

ರಾಜ ಸಿಂಹಾಸನದಲ್ಲಿ ಕೂತಲ್ಲೇ ತಲೆಯೆತ್ತದೆ, ಅಷ್ಟೇ ಸಹಜವಾಗಿ ಹೇಳಿದ: "ಹೂಂ. ಬರ್ತಾ ಹಾಲು ತಗೊಂಬಾ."

 ಇಡೀ ಸಭಾಂಗಣದಲ್ಲಿ ಸೂರು ಹಾರಿಹೋಗುವಂಥ ನಗು. ಎದ್ದು ನಿಂತಿದ್ದವರು ಸಿಕ್ಕ ಸಿಕ್ಕ ಕುರ್ಚಿಯಲ್ಲಿ ಕುಸಿದು ಕುಳಿತರು. ಏನಾಯಿತೆಂದು ನೋಡಲು ಅಡುಗೆ ತಂಡವೆಲ್ಲ ಬಾಗಿಲಿಗೆ ಬಂದು ನಿಂತಿತು. ಸೌಟು ಹಿಡಿದ ಅಧ್ಯಕ್ಷರು ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದ್ದರು.

"ಯಾರಾದ್ರೂ ಎದ್ದು ಹೋದ್ರಾ ಸರ್?" ಎಂದು ಪರದೆಯ ಪಕ್ಕದಿಂದಲೇ ಕೇಳಿದೆ. ಮಾತಾಡಲಾಗದೆ, ಸೌಟನ್ನೇ ಅಡ್ಡಡ್ಡ ಆಡಿಸಿ ಸೋಲೊಪ್ಪಿಕೊಂಡರು. ಅವರ ಹಿಂದೆ ಬಿಸಿಬೇಳೆಬಾತು ತಳ ಹಿಡಿದ ವಾಸನೆ ಬರುತ್ತಿತ್ತು.

ಇನ್ನಾದರೂ ಚರಿತ್ರೆಯ ಮಾನ ಉಳಿಯಲಿ ಎಂದು ಡೋಲಿನವರಿಗೆ ಸನ್ನೆ ಮಾಡಿದೆ. ಡೋಲು ಬಡಿಯಿತು. ತೆರೆಯ ಹಿಂದೆ ಕತ್ತಿಯೇಟು ಧೊಪ್ಪೆಂದಿತು. ಸಭೆ ಮತ್ತೆ ಗಂಭೀರವಾಯಿತು. ಮುಂದಿನ ಸಾಲಿನ ಅಜ್ಜಿಯೊಬ್ಬರು ಅಯ್ಯೋ ಪಾಪ ಎಂದು ಸೆರಗು ಕಣ್ಣಿಗೆ ಒತ್ತಿಕೊಂಡರು.

ಆಗ ತೆರೆಯ ಸಂದಿಯಿಂದ, ಈಗಷ್ಟೇ ಕಡಿದು ಬಿದ್ದಿದ್ದ ತಲೆ ಹೊರಗೆ ಇಣುಕಿತು.

"ರೀ, ಒಂದು ಪ್ಯಾಕೆಟ್ ಸಾಕಾ, ಎರಡು ತರ್ಲಾ?"

ಎಂಟನೆಯ ಹೆನ್ರಿ ಗಡ್ಡ ಕೆರೆದುಕೊಂಡು, ನಿಜವಾಗಿಯೂ ಯೋಚನೆ ಮಾಡಿ ಹೇಳಿದ: "ಎರಡು ತಗೋ. ನಾಳೆ ಭಾನುವಾರ, ಅಂಗಡಿ ಇರಲ್ಲ."