ಗಡಿಯಾರ ಹೇಳಿದ ವಯಸ್ಸು

ನಿಜಾಮರ ಕಾಲದಲ್ಲಿ ನಾನು ಔರಾದದ ಸಾಲೆಯಲ್ಲಿ ಗಣಿತದ ಮಾಸ್ತರನಾಗಿದ್ದೆ. ಮದುವೆಯಾಗಿರಲಿಲ್ಲ. ಭಾಲ್ಕಿಯ ಬಟ್ಟೆ ವ್ಯಾಪಾರಿ ಶಿವಲಿಂಗಪ್ಪನವರು ತಮ್ಮ ಮಗಳಿಗಾಗಿ ನಮ್ಮ ಮನೆ ನೋಡಲು ಬರುತ್ತಾರೆಂಬ ಸುದ್ದಿ ಬಂದದ್ದೇ, ಮನೆಯ ಘನತೆ ಹೆಚ್ಚಿಸುವ ಹೊಣೆ ಹೊತ್ತುಕೊಂಡೆ. ಬೀದರಿಗೆ ಹೋಗಿ, ಹಳೇ ಹವೇಲಿಯ ಸಾಮಾನು ಮಾರುವವನಿಂದ ಆಳಿಗಿಂತಲೂ ಎತ್ತರದ ವಿಲಾಯತಿ ಗಡಿಯಾರವೊಂದನ್ನು ಕೊಂಡೆ. ಅದು ನಡೆಯುತ್ತಿರಲಿಲ್ಲ.

“ಸಣ್ಣ ಮರಮ್ಮತ್ ಅದರಿ. ನಿಮ್ಮಂಥಾ ಓದಿದವ್ರಿಗೆ ಯಾವ ಲೆಕ್ಕ!” ಎಂದ ಅವನು. ಇಷ್ಟು ಗೌರವ ಸಿಕ್ಕ ಮೇಲೆ ಚೌಕಾಶಿಗೆ ನಾಲಿಗೆ ಏಳಲಿಲ್ಲ!

ಎತ್ತಿನ ಗಾಡಿ ಮನೆ ಮುಟ್ಟಿದಾಗ ತಿಳಿಯಿತು, ಗಡಿಯಾರ ನಮ್ಮ ತೊಲೆಗಿಂತ ಎತ್ತರ. ಪಡಸಾಲೆಯಲ್ಲಿ ಮೊಳದಾಳದ ತಗ್ಗು ತೋಡಿ ನಿಲ್ಲಿಸಿದೆ.

“ಗಡಿಯಾರ ನಿಲ್ಲಸ್ತೀಯೋ, ಹೂಳ್ತೀಯೋ?” ಎಂದಳು ಅವ್ವ.

ಮರಮ್ಮತ್ತಿನ ಕಾರ್ಯವನ್ನು ಸ್ವತಃ ಕೈಗೊಂಡೆ. ಎಲ್ಲ ಬಿಚ್ಚಿ, ಔಡಲೆಣ್ಣೆ ಹಚ್ಚಿ, ಮತ್ತೆ ಜೋಡಿಸಿದೆ. ಮೂರು ಚಕ್ರ ಉಳಿದವು.

“ಇವ್ಯಾಕ ಉಳದ್ವು?”

“ಹೆಚ್ಚಿನವು, ಅವ್ವಾ. ವಿಲಾಯತಿಯವ್ರು ಧಾರಾಳ ಮಂದಿ.”

ಟಿಕ್ ಟಿಕ್ ಎಂದಿತು! ನನ್ನ ಎದೆಯುಬ್ಬಿತು.

ಮರುದಿನ ಬೆಳಗ್ಗೆ ಶಿವಲಿಂಗಪ್ಪನವರು ಬಂದರು. ಅವಲಕ್ಕಿ ತಿಂದು, ಗಡಿಯಾರವನ್ನು ಮೆಚ್ಚುಗೆಯಿಂದ ನೋಡಿ ಕೇಳಿದರು: “ಮಾಸ್ತರ, ವಯಸ್ಸ ಎಷ್ಟರಿ?”

“ಇಪ್ಪತ್ತಾರು,” ಎಂದೆ ಗಂಭೀರವಾಗಿ.

ಢಣ್! ಗಡಿಯಾರ ಬಡಿಯತೊಡಗಿತು. ಹನ್ನೆರಡು ದಾಟಿತು. ಇಪ್ಪತ್ತು ದಾಟಿತು. ಶಿವಲಿಂಗಪ್ಪನವರು ಬೆರಳು ಮಡಚಿ ಎಣಿಸುತ್ತಿದ್ದರು. ಇಪ್ಪತ್ತಾರಕ್ಕಾದರೂ ನಿಲ್ಲಿಸೋಣವೆಂದು ಹಾರಿ ಅದರ ಹೊಟ್ಟೆಗೆ ಕೈ ಹಾಕಿದೆ. ಲೋಲಕ ಕಳಚಿ ಕೈಗೆ ಬಂತು. ಬಡಿತ ನಿಲ್ಲಲಿಲ್ಲ!

“ನಲ್ವತ್ತೊಂದ್ರಿ,” ಎಂದರು ಅವರು, ಅದು ಸುಮ್ಮನಾದ ಮೇಲೆ.

ಅವ್ವನಿಗೆ ತಡೆಯಲಾಗಲಿಲ್ಲ. “ಸುಳ್ಳ ಗಡಿಯಾರರಿ ಅದು! ನನ್ನ ಮಗಗ ಮೂವತ್ತಾರು ತುಂಬ್ಯಾವ, ಒಂದ್ ದಿನಾನೂ ಹೆಚ್ಚಿಲ್ಲ!”

ಲೋಲಕ ಹಿಡಿದು ನಾನು ನಿಂತೇ ಇದ್ದೆ.

ಶಿವಲಿಂಗಪ್ಪನವರು ಎದ್ದು ಗಡಿಯಾರದ ಬೆನ್ನು ಸವರಿದರು. “ಅವ್ವಾರ, ಹುಡುಗ ನಮಗ ಒಗ್ಗೂದಿಲ್ಲರಿ. ಆದ್ರ ಇದನ್ನ ಕೊಡ್ತೀರೇನು? ಅಂಗಡ್ಯಾಗ ಇಡ್ತೇನಿ. ಇದರ ಮುಂದ ಗಿರಾಕಿ ಸುಳ್ಳ ಹೇಳೂದಿಲ್ಲ.”

“ಇವತ್ತೇ ಒಯ್ರಿ!” ಎಂದಳು ಅವ್ವ, ನನ್ನ ಕಡೆ ನೋಡದೆ.

ಹೀಗೆ ಭಾಲ್ಕಿಯವರಿಗೆ ನಮ್ಮ ಮನೆಯಿಂದ ಒಪ್ಪಿಗೆಯಾದದ್ದು ಗಡಿಯಾರ. ಅದನ್ನು ಹೆಗಲು ಕೊಟ್ಟು ಗಾಡಿಗೇರಿಸಿ, ದಾರಿಯಲ್ಲಿ ಉರುಳದಂತೆ ಹಗ್ಗ ಬಿಗಿದು ಕಳಿಸಿಕೊಟ್ಟ ವರ ಮಹಾಶಯ ಸ್ವತಃ ನಾನೇ!