ಸೈರನ್ ಆಗದೆ ಅಪ್ಪ ಉಣ್ಣುವುದಿಲ್ಲ

ನಮ್ಮೂರಿನವರು ಎಲ್ಲಿಗೆ ಹೋದರೂ ಊರನ್ನು ಗಂಟು ಕಟ್ಟಿಕೊಂಡೇ ಹೋಗುತ್ತಾರೆ. ಹಾಗಾಗಿ ನಾನೀಗ ಹೇಳುವಂಥವು ಆಗುತ್ತಲೇ ಇರುತ್ತವೆ. ಎರಡು ಗುಡ್ಡಗಳ ನಡುವೆ ಒಂದು ಹೊಳೆ, ದಡದಲ್ಲಿ ಕಾಗದದ ಮಿಲ್ಲು, ಮಿಲ್ಲಿನ ಸೈರನ್ನಿಗೆ ಏಳುವ, ಉಣ್ಣುವ, ಮಲಗುವ ಜನ. ಅಷ್ಟೇ ನಮ್ಮೂರು. ತೊಂಬತ್ತರ ದಶಕದ ಕೊನೆಗೆ ಮಿಲ್ಲು ಮುಚ್ಚಿತು. ಅಲ್ಲೇ ದುಡಿದಿದ್ದ ಅಪ್ಪನನ್ನು ಮದ್ರಾಸಿಗೆ, ಮೈಲಾಪೂರಿನ ನಮ್ಮ ಮನೆಗೆ ಕರೆತಂದೆ. ಅವರು ಇಲ್ಲೇ ಉಳಿಯಲಿ ಅನ್ನುವುದೊಂದೇ ನನ್ನ ಆಸೆ.

ಮುಹೂರ್ತ

ಈ ಸೈರನ್ ಮಹಿಮೆ ನಮ್ಮೆಜಮಾನರಿಗೆ ಮದುವೆಯ ದಿನವೇ ತಿಳಿಯಿತು. ತಾಳಿ ಹಿಡಿದು ಕೂತಿದ್ದಾರೆ, ಪುರೋಹಿತರು ಮಿಲ್ಲಿನ ಚಿಮಣಿಯ ಕಡೆ ಕಿವಿ ಇಟ್ಟಿದ್ದಾರೆ. ಇವರು ವಾಚು ತೋರಿಸಿ, "ಟೈಮಾಯ್ತಲ್ಲ?" ಅಂದರು.

"ವಾಚು ನಿಮ್ಮದು ಸ್ವಾಮಿ, ಟೈಮು ಮಿಲ್ಲಿಂದು. ಸೈರನ್ ಆಗ್ಲಿ" ಅಂದರು ಪುರೋಹಿತರು.

ಎಷ್ಟು ಹೊತ್ತಾದರೂ ಸೈರನ್ ಇಲ್ಲ. ಆಮೇಲೆ ನೋಡಿದರೆ, ಸೈರನ್ ಹೊಡೆಯುವ ಪುಣ್ಯಾತ್ಮ ಮುಂದಿನ ಸಾಲಿನಲ್ಲೇ ಕೈಯಲ್ಲಿ ಅಕ್ಷತೆ ಹಿಡಿದು, ಎಲ್ಲರ ಜೊತೆ ಸೈರನ್ನಿಗೆ ಕಾಯುತ್ತಿದ್ದ!

ಹೊಳೆ

ಮಿಲ್ಲಿನಲ್ಲಿ ಯಾವ ಬಣ್ಣದ ಕಾಗದವೋ ಹೊಳೆಗೂ ಅದೇ ಬಣ್ಣ. "ಇವತ್ತು ಹಳದಿ ಕಣೇ, ಬಿಳಿ ಪಂಚೆ ಒಗೀಬೇಡ" ಅನ್ನುತ್ತಿದ್ದಳು ಅಮ್ಮ. ತಪ್ಪೋ ಸರಿಯೋ, ಈಗಲೂ ಕಣ್ಣು ಮುಚ್ಚಿದರೆ ನನ್ನ ಹೊಳೆ ಸಂಜೆ ಬಿಸಿಲಿನಲ್ಲಿ ಗುಲಾಬಿಯಾಗಿ ಹರಿಯುತ್ತದೆ.

ಮದ್ರಾಸಿಗೆ ಬಂದ ಹೊಸದರಲ್ಲಿ ಅಪ್ಪ ಕೂವಂ ನದಿಯ ಸೇತುವೆಯ ಮೇಲೆ ನಿಂತು ಕಪ್ಪು ನೀರನ್ನು ಬಹಳ ಹೊತ್ತು ನೋಡಿದರು. ವಾಸನೆಗೆ ನನ್ನ ಮಗಳು ಮೂಗು ಮುಚ್ಚಿಕೊಂಡು, "ತಾತಾ, ಪೋಲಾಂ ವಾಂಗೋ", ಹೋಗೋಣ ಬನ್ನಿ, ಎಂದು ತಮಿಳಿನಲ್ಲಿ ಕರೆಯುತ್ತಾ ಅವರ ಕೈ ಎಳೆಯುತ್ತಿದ್ದಳು.

ಅಪ್ಪ ಗೌರವದಿಂದ ತಲೆದೂಗಿ ಹೇಳಿದರು: "ಮೇಲುಗಡೆ ಎಲ್ಲೋ ಕಾರ್ಬನ್ ಪೇಪರ್ ಮಿಲ್ಲಿದೆ. ಭರ್ಜರಿ ನಡೀತಿದೆ."

ಊಟ

ನಗು ಅಲ್ಲಿಗೆ ಮುಗಿಯಿತು. ಅಪ್ಪ ಊಟ ಬಿಡತೊಡಗಿದರು. "ಸೈರನ್ನೇ ಇಲ್ಲ, ಹಸಿವು ಹ್ಯಾಗಾಗುತ್ತೆ?"

"ಅಲ್ಲೂ ಈಗ ಇಲ್ವಲ್ಲಪ್ಪಾ."

"ಇಲ್ಲದಿದ್ರೂ ನಮ್ಮೂರದು."

ಒಂದು ದಿನ ಊರಿಗೆ ಹೊರಟೇಬಿಟ್ಟರು. ರೈಲಿಗೆ ಹೋಗುವ ಮುಂಚೆ ನನಗೆ ಹೇಳಿಹೋಗಲು ಗಿಂಡಿ ಬಡಾವಣೆಯ ನನ್ನ ಆಫೀಸಿಗೆ ಬಂದು, ಗೇಟಿನಲ್ಲಿ ಕಾದರು. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ನಾನು ಮರೆತು ಬಂದಿದ್ದ ಊಟದ ಡಬ್ಬ. ಗೇಟಿನಿಂದ ನನಗೆ ಸುದ್ದಿ ಬರುವಾಗ ಎದುರಿನ ಫ್ಯಾಕ್ಟರಿಯ ಊಟದ ಸೈರನ್ ಕೂಗಿತು.

ರಜೆ ಕೇಳಿ, ಕಣ್ಣೊರೆಸಿಕೊಂಡು ಮೆಟ್ಟಿಲಿಳಿದು ಬಂದು ನೋಡುತ್ತೇನೆ: ಅಪ್ಪ ಬೇವಿನ ಮರದ ನೆರಳಲ್ಲಿ ಬ್ಯಾಗಿನ ಮೇಲೆ ಕೂತು, ನನ್ನ ಹುಳಿಯನ್ನ ಮುಗಿಸಿ, ಮೊಸರನ್ನದ ಕೊನೆಯ ತುತ್ತಿನಲ್ಲಿದ್ದಾರೆ. ಮುಖದಲ್ಲಿ ನಮ್ಮೂರಿನ ಮಧ್ಯಾಹ್ನ.

"ಅಪ್ಪಾ, ಅದು ನನ್ನ ಊಟ!"

"ಸೈರನ್ ಆದ್ಮೇಲೆ ಬಂದೋರಿಗೆ ಊಟ ಎಲ್ಲಿಂದ ಬರ್ಬೇಕು?" ಅಂದರು ಅಪ್ಪ, ಬ್ಯಾಗನ್ನು ನನ್ನ ಕೈಗೆ ಕೊಡುತ್ತಾ. "ಇದನ್ನ ವಾಪಸ್ ಮನೆಗೆ ತಗೊಂಡ್ಹೋಗು. ನಾಳೆಯಿಂದ ಎರಡು ಡಬ್ಬಿ ಕಟ್ಟು."