ಯೋಗಾನಂದನ ಬಲಗಾಲು

ಹಲಗೆ ಬಂತು, ಅದಕ್ಕೆ ಕಾಲು ಬಿಗಿಯುವ ಸಾಮಾನು ಬರಲಿಲ್ಲ. ಯೋಗಾನಂದನ ಆ ಶನಿವಾರದ ಫಜೀತಿಯೆಲ್ಲ ಶುರುವಾದದ್ದು ಇಷ್ಟರಿಂದಲೇ.

ಹಲಗೆ ಆಫೀಸಿನ ಅನುರಾಗನದು. ಹಿಮವೇ ಬೀಳದ ಊರಿಗೆ ವರ್ಗವಾಗಿ ಹೊರಟ ಅವನು ತನ್ನ ಸ್ನೋಬೋರ್ಡನ್ನು ಯೋಗಾನಂದನಿಗೆ ಕೊಟ್ಟು, ಅದರ ಮೇಲಿದ್ದ ಬೈಂಡಿಂಗುಗಳನ್ನು ಮಾತ್ರ ಬಿಚ್ಚಿ ಇಟ್ಟುಕೊಂಡಿದ್ದ. "ಬೋರ್ಡು ಯಾರದ್ದಾದ್ರೂ ನಡೆಯುತ್ತೆ ಗುರು. ಬೈಂಡಿಂಗು ಹಲ್ಲುಜ್ಜೋ ಬ್ರಶ್ ಇದ್ದ ಹಾಗೆ, ಅವರವರದ್ದು ಅವರವರಿಗೆ" ಎಂದಿದ್ದ. ಹಿಮವಿಲ್ಲದ ಊರಲ್ಲಿ ಅವನ್ನು ಕಟ್ಟಿಕೊಂಡು ಏನು ಮಾಡುತ್ತಾನೋ ದೇವರಿಗೇ ಗೊತ್ತು. ಬೂಟನ್ನು ಹಲಗೆಗೆ ಬಿಗಿಯುವ ಎರಡು ಪಟ್ಟಿ, ಹಿಮ್ಮಡಿಗೆ ಆನಿಕೆಯಾಗಿ ಒಂದು ಬೆನ್ನು, ಅಡಿಯಲ್ಲೊಂದು ತಟ್ಟೆ. ಬೈಂಡಿಂಗ್ ಎಂದರೆ ಇಷ್ಟೇ. ಆದರೆ ಅದಿಲ್ಲದ ಸ್ನೋಬೋರ್ಡು ಬಟ್ಟೆ ಇಸ್ತ್ರಿ ಮಾಡುವುದಕ್ಕೂ ಬರುವುದಿಲ್ಲ.

ಯೋಗಾನಂದನಿಗೆ ಮಾತ್ರ ಅದು ಬೇಕೇಬೇಕಿತ್ತು, ಅದೂ ಸಂಜೆಯೊಳಗೆ. ಹದಿನಾಲ್ಕರ ಮಗಳು ನಿಸರ್ಗಾ ಎರಡು ಚಳಿಗಾಲದಿಂದ ತಾಹೋ ಬೆಟ್ಟಗಳ ಹಿಮದಲ್ಲಿ ಬಾಡಿಗೆ ಹಲಗೆ ಹಿಡಿದು ಜಾರುತ್ತಿದ್ದಳು. ಸ್ಕೂಲಿನ ಕ್ಲಬ್ಬಿನ ಜೊತೆ, ಗೆಳೆಯ ಆಕಾಶನ ಮನೆಯವರ ಜೊತೆ, ಒಟ್ಟಿನಲ್ಲಿ ಅಪ್ಪನೊಬ್ಬನನ್ನು ಬಿಟ್ಟು ಎಲ್ಲರ ಜೊತೆ. ಅದು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು. ಮಗಳು ಕೈಬಿಟ್ಟು ಹೋಗುವ ವಯಸ್ಸು ಹತ್ತಿರ ಬಂತು ಎಂಬುದು ಅವನಿಗೆ ತಿಳಿಯದ ವಿಷಯವೇನಲ್ಲ. ಒಂದು ವಾರ ಗೋಗರೆದ ಮೇಲೆ ಭಾನುವಾರ ಅಪ್ಪನ ಜೊತೆ ಹೋಗಲು ಅವಳು ಒಪ್ಪಿದ್ದಳು. ಒಪ್ಪಿದ್ದು ಎರಡು ಶರತ್ತಿನ ಮೇಲೆ.

"ಒಂದು, ಇವತ್ತು ಸಂಜೆ ಒಳಗೆ ಮುಂದಿನ ಹುಲ್ಲಿನ ಸ್ಲೋಪ್ ಮೇಲಿಂದ ಕೆಳಗಿನ ಮೇಲ್‌ಬಾಕ್ಸ್‌ವರೆಗೂ ಬೋರ್ಡಲ್ಲಿ ಬೀಳದೆ ಬರ್ಬೇಕು. ಎರಡು, ಜಸ್ಟ್ ಅಸ್, ಅಪ್ಪಾ. ನೋ ಅಂಕಲ್ಸ್, ನೋ ಆಂಟೀಸ್. ಲಾಸ್ಟ್ ಟೈಮ್ ನೀವೆಲ್ಲ ಪಾರ್ಕಿಂಗ್ ಲಾಟಲ್ಲಿ ಕೂತ್ಕೊಂಡು ಪುಳಿಯೋಗರೆ ತಿಂದ್ರಿ. ಐ ಡೈಡ್. ಇಲ್ಲಾಂದ್ರೆ ನಾನು ಆಕಾಶ್ ಜೊತೆ ಹೋಗ್ತೀನಿ."

"ಅದೆಲ್ಲ ನಂಗ್ ಬಿಟ್ಬಿಡು ಕಣವ್ವ" ಎಂದ ಯೋಗಾನಂದ. ಒಂದು ತಿಂಗಳು ಬಿಡದೆ ಸ್ನೋಬೋರ್ಡಿನ ವೀಡಿಯೋ ನೋಡಿದ್ದ ಅವನಿಗೆ ತಿಳಿಯದೆ ಇದ್ದದ್ದು ಅದರ ಮೇಲೆ ನಿಲ್ಲುವುದೊಂದೇ.

ಹಲಗೆಯನ್ನು ಕಾರಿಗೆ ತುಂಬುವಾಗ ಪಕ್ಕದ ಮನೆಯ ಬಾಗಿಲು ತೆರೆಯಿತು. ಹೊರಬಂದವರು ಆ ಮನೆಯ ಶಿವರಾಜನ ತಂದೆ ಗುರುಶಾಂತಪ್ಪನವರು. ಗದಗದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾಗಿ, ಈಗ ಮಗ ಸೊಸೆಯ ಜೊತೆ ಸ್ಯಾನ್ ಮಟಿಯೋದಲ್ಲಿ ಆರು ತಿಂಗಳ ವಾಸಕ್ಕೆ ಬಂದಿದ್ದವರು.

"ಎಲ್ಲಿಗೆ ಹೊಂಟ್ರಿ ಯೋಗಾನಂದ ಅವರ? ತಡೀರಿ, ನಾನೂ ಬರ್ತೀನಿ. ಮನ್ಯಾಗ ಕುಂತು ಕುಂತು ಮೊಣಕಾಲು ಹಿಡದಾವ."

ಅಂಗಡಿಗೆ ಮಾತ್ರವಲ್ಲವೇ, ಹಿಮಕ್ಕಲ್ಲವಲ್ಲ ಎಂದು ಯೋಗಾನಂದ ಹತ್ತಿಸಿಕೊಂಡ. ಸೊಸೆ ಮಾಧುರಿ, "ಮಾವಾರ ಹೊಂಟಾರಂದ್ರ ನಾನೂ ಬರ್ತೀನಿ, ನನಗೂ ಗ್ರೋಸರಿ ಐತಿ" ಎಂದು ಹಿಂದಿನ ಸೀಟು ಹಿಡಿದಳು.

ಅಂಗಡಿಯ ಹೆಂಗಸಿಗೆ ಕೂದಲು ಪೂರ್ತಿ ನರೆತಿತ್ತು, ಆತ್ಮವಿಶ್ವಾಸ ಒಂದೆಳೆಯೂ ನರೆತಿರಲಿಲ್ಲ. ಹಲಗೆಯನ್ನು ಬಗ್ಗಿಸಿ ನೋಡಿ, ಮೆತ್ತನೆಯದು, ಕಲಿಯುವವರಿಗೆ ಒಳ್ಳೆಯದು ಎಂದಳು. ತಿರುಪಿನ ತೂತುಗಳನ್ನು ನೋಡಿ, ಯಾವ ಬೈಂಡಿಂಗಾದರೂ ಕೂರುತ್ತದೆ ಎಂದಳು. ಬೂಟಿನ ಅಳತೆ ನೋಡಿ, ಮೀಡಿಯಂ ಸಾಕು ಎಂದಳು. ಆಮೇಲೆ ಕೇಳಿದಳು: "ನಿಮ್ಮ ಸ್ಟೈಲ್ ಯಾವುದು? ಪಾರ್ಕಿನಲ್ಲಿ ಹಾರಾಟವೋ, ಕಡಿದಾದ ಬೆಟ್ಟದಲ್ಲಿ ವೇಗವೋ, ಸುಮ್ಮನೆ ಓಡಾಟವೋ?"

"ಎಲ್ಲಾ" ಎಂದ ಯೋಗಾನಂದ.

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿ ಒಂದು ಜೊತೆ ತಂದಿಟ್ಟಳು. ಬೈಂಡಿಂಗುಗಳ ಬಿಗಿಗೆ ಒಂದರಿಂದ ಹತ್ತರವರೆಗೆ ಅಂಕಿ ಇರುತ್ತದೆ, ಇದು ಮೂರು, ಮೆತ್ತನೆಯ ಹಲಗೆಗೆ ಮೆತ್ತನೆಯ ಬೈಂಡಿಂಗು, ತಪ್ಪಿದರೂ ಕ್ಷಮಿಸುತ್ತದೆ ಎಂದು ವಿವರಿಸಿದಳು. ಯೋಗಾನಂದ ಅದನ್ನು ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಗುರುಶಾಂತಪ್ಪನವರ ಹುಬ್ಬು ಮೇಲೇರಿತು.

"ಹತ್ತಕ್ಕ ಮೂರು? ಅಂದ್ರ ನೂರಕ್ಕ ಮೂವತ್ತು. ನಪಾಸು! ನಪಾಸಾಗಿದ್ದನ್ನ ಕಾಲಿಗೆ ಕಟ್ಟಿಕೊಂಡು ಗುಡ್ಡ ಇಳೀತೀರೇನ್ರಿ?"

"ಅದು ಮಾರ್ಕ್ಸ್ ಅಲ್ಲ ಸರ್, ಗಟ್ಟಿ ಎಷ್ಟಿದೆ ಅಂತ..."

"ಗಟ್ಟಿ ಇದ್ದದ್ದು ಚಲೋ ಅಲ್ಲೇನ್ರಿ ಮತ್ತ?"

ಯೋಗಾನಂದನಿಗೆ ಇದಕ್ಕೆ ಉತ್ತರ ಗೊತ್ತಿತ್ತು. ಆದರೆ ಮೂವತ್ತೈದಕ್ಕೆ ಪಾಸು ಎಂಬ ಲೆಕ್ಕ ಅವನ ರಕ್ತದಲ್ಲೂ ಇತ್ತು. ಶೆಲ್ಫಿನಲ್ಲಿ 'ಒಂಬತ್ತು' ಎಂದು ಬರೆದ ಕಪ್ಪು ಜೊತೆಯೊಂದು ಮಿರಮಿರ ಮಿಂಚುತ್ತಿತ್ತು. ಹೆಂಗಸು ಬೇಡವೆಂದು ಎರಡು ಸಲ ಹೇಳಿ, ಮೂರನೆಯ ಸಲ ಭುಜ ಹಾರಿಸಿ ಕೆಳಗಿಳಿಸಿದಳು.

"ಯಾವ ಕಾಲು ಮುಂದೆ?" ಎಂದಳು ಆಮೇಲೆ. ಗೊತ್ತಿಲ್ಲ ಎನ್ನಲು ಯೋಗಾನಂದನ ನಾಲಿಗೆ ಏಳಲಿಲ್ಲ. ಅವಳು ಒಂದು ಮರದ ಮೆಟ್ಟಿಲನ್ನು ಮುಂದಿಟ್ಟು, ಯೋಚನೆ ಮಾಡದೆ ಹತ್ತಿ, ಮೊದಲು ಏಳುವ ಕಾಲೇ ನಿಮ್ಮ ಮುಂದಿನ ಕಾಲು ಎಂದಳು. ಮೂವತ್ತು ವರ್ಷದ ಅನುಭವದಲ್ಲಿ ಈ ಪರೀಕ್ಷೆ ಒಮ್ಮೆಯೂ ತಪ್ಪಿಲ್ಲ ಎಂದೂ ಸೇರಿಸಿದಳು.

ಯೋಗಾನಂದ ಬಲಗಾಲಿಟ್ಟು ಹತ್ತಿದ. ಹೆಂಗಸು ಹುಬ್ಬೇರಿಸಿದಳು, ಹೆಚ್ಚಿನವರದು ಎಡಗಾಲಂತೆ.

"ತಡೀರಿ, ನಾನೂ ನೋಡ್ತೀನಿ" ಎಂದು ಗುರುಶಾಂತಪ್ಪನವರು ಹತ್ತಿದರು. ಬಲಗಾಲು. ಮಾಧುರಿ ಹತ್ತಿದಳು. ಸೇರಕ್ಕಿಯನ್ನು ಬಲಗಾಲಿಂದ ಒದ್ದು ಮನೆತುಂಬಿದ ಸೊಸೆ ಇನ್ಯಾವ ಕಾಲಿಟ್ಟಾಳು? ಬಲಗಾಲೇ. ಹೆಂಗಸು ಬೆರಗಾಗಿ, ಒಂದೇ ಕುಟುಂಬದಲ್ಲಿ ಮೂವರೂ ಹೀಗಿರುವುದನ್ನು ಕಂಡೇ ಇಲ್ಲ ಎಂದು, ಬಲಗಾಲು ಮುಂದೆ ಬರುವಂತೆ ಬೈಂಡಿಂಗು ತಿರುಪಿ ಕೊಟ್ಟಳು.

ಮಧ್ಯಾಹ್ನ ಮೂರರ ಬಿಸಿಲಿಗೆ ಅಪಾರ್ಟ್‌ಮೆಂಟಿನ ಹುಲ್ಲಿನ ಇಳಿಜಾರಿನಲ್ಲಿ ಹೆಲ್ಮೆಟ್ಟು, ಹಿಮದ ಕೋಟು, ಬೂಟು ತೊಟ್ಟು ಯೋಗಾನಂದ ನಿಂತಾಗ ಅರ್ಧ ಕಾಂಪ್ಲೆಕ್ಸು ಬಾಲ್ಕನಿಯಲ್ಲಿತ್ತು. ಬೆಳಿಗ್ಗೆಯಷ್ಟೇ ನೀರು ಬಿಟ್ಟ ಹುಲ್ಲು ಚೆನ್ನಾಗಿ ಜಾರುತ್ತಿತ್ತು. ಹೊಸ ಸಾಮಾನು ಎಂದು ಗುರುಶಾಂತಪ್ಪನವರು ಹಟ ಹಿಡಿದಿದ್ದರಿಂದ ಹೆಂಡತಿ ಉಮಾಶ್ರೀ ಹಲಗೆಯ ಮೂತಿಗೆ ಕುಂಕುಮ ಹಚ್ಚಿದಳು. ಹಚ್ಚುತ್ತ, "ಮೂಳೆ ಮುರ್ಕೊಂಡ್ರೆ ಸೋಮವಾರ ನಂಗೆ ಮೀಟಿಂಗ್ ಇದೆ, ಆಸ್ಪತ್ರೆಗೆ ನಾನ್ ಬರಲ್ಲ" ಎಂದಳು.

"ಅದೆಲ್ಲ ನಂಗ್ ಬಿಟ್ಬಿಡು" ಎಂದು ಯೋಗಾನಂದ ಹೊರಟ.

ಮೊದಲ ಸಲ ಅವನು ಹೊರಟ, ಹಲಗೆ ಹೊರಡಲಿಲ್ಲ. ಎರಡನೆಯ ಸಲ ಹಲಗೆ ಹೊರಟು ಅರ್ಧಚಂದ್ರದಂತೆ ತಿರುಗಿ ಅವನನ್ನು ಬೆನ್ನ ಮೇಲೆ ಮಲಗಿಸಿತು. ಒಂಬತ್ತು ಅಂಕದ ಬೈಂಡಿಂಗು ಸಿಟ್ಟಿನ ಹೆಡ್‌ಮಾಸ್ತರನಂತೆ ಕಣಕಾಲನ್ನು ಅಲ್ಲಾಡಗೊಡಲಿಲ್ಲ. ಬೆರಳು ಕುಣಿಸಿದರೂ ಹಲಗೆ ಅತ್ತಿತ್ತ ಒದ್ದಾಡಿತು. ಮೂರನೆಯ ಸಲ ಅವನು ಅಪಾರ್ಟ್‌ಮೆಂಟಿನ ಮ್ಯಾನೇಜರನ ಗುಲಾಬಿ ಗಿಡದೊಳಗೆ ಹೊಕ್ಕ. ಮಾಧುರಿ ಫೋನೆತ್ತಿ ವೀಡಿಯೋ ಮಾಡುತ್ತಲೇ ಇದ್ದಳು.

"ಅಪ್ಪಾ, ಸ್ಟಾಪ್. ಎವ್ರಿಒನ್ ಈಸ್ ವಾಚಿಂಗ್" ಎಂದು ನಿಸರ್ಗಾ ಕೆಳಗಿಳಿದು ಬಂದಳು. ಮುಖ ಕೆಂಪಾಗಿತ್ತು.

ಯೋಗಾನಂದ ಹಲಗೆ ಬಿಚ್ಚಿ ಎದ್ದು, ಮೈಮೇಲಿನ ಮುಳ್ಳು ಕೀಳುತ್ತ, ತಪ್ಪೆಲ್ಲ ಹುಲ್ಲಿನದು ಎಂದು ಗುರುಶಾಂತಪ್ಪನವರಿಗೆ ವಿವರಿಸತೊಡಗಿದ. ವಿವರಣೆ ಘರ್ಷಣೆಯ ನಿಯಮಕ್ಕೆ ಬಂದಿತ್ತು. ಅಷ್ಟರಲ್ಲಿ ನಿಸರ್ಗಾ ಸದ್ದಿಲ್ಲದೆ ಹಿಂದಿನಿಂದ ಬಂದು ಬೆನ್ನಿಗೆ ಎರಡೂ ಕೈ ಕೊಟ್ಟು ತಳ್ಳಿದಳು. ಅವನು ಮುಗ್ಗರಿಸಿ ಒಂದು ಕಾಲು ಮುಂದಿಟ್ಟು ನಿಂತ.

ಎಲ್ಲರೂ ಆ ಕಾಲನ್ನು ನೋಡಿದರು. ಎಡಗಾಲು.

"ಯೂ ಆರ್ ರೆಗ್ಯುಲರ್, ಅಪ್ಪಾ! ಎಡಗಾಲು ಮುಂದೆ. ನನ್ ಥರಾನೇ. ಅಂಗಡೀಲಿ ಯಾಕೆ ರೈಟ್ ಇಟ್ರಿ?"

"ಹೊಸ ಜಾಗಕ್ಕೆ ಎಡಗಾಲಿಟ್ಟರೆ ನಮ್ಮಜ್ಜಿ ಕಿವಿ ಹಿಂಡ್ತಿದ್ರು ಕಣೆ. ವಾಪಸ್ ಹೊರಗ್ ಹೋಗಿ ಬಲಗಾಲಿಟ್ಟು ಬರ್ಬೇಕಿತ್ತು."

"ಸ್ನೋಗೆ ನಿಮ್ಮಜ್ಜಿ ಗೊತ್ತಿಲ್ಲ, ಅಪ್ಪಾ."

ಗಟ್ಟಿ ಬೈಂಡಿಂಗು ಬಿಚ್ಚಿ, ಮೆತ್ತನೆಯದನ್ನು ತರಲು ಅಪ್ಪ ಮಗಳು ಇಬ್ಬರೇ ಮತ್ತೆ ಅಂಗಡಿಗೆ ಹೊರಟರು. ಗುರುಶಾಂತಪ್ಪನವರು ಮಾತ್ರ ಕಪ್ಪು ಬೈಂಡಿಂಗುಗಳನ್ನು ಎದೆಗವಚಿಕೊಂಡರು. "ಒಂಬತ್ತು ಮಾರ್ಕಿನ್ವು ಯಾರರೆ ವಾಪಸ್ ಕೊಡ್ತಾರೇನ್ರಿ? ಇವು ನನಗಿರಲಿ" ಎಂದರು. ಮುದುಕರ ಆಸೆ, ಶೋಕೇಸಿನಲ್ಲಿ ಇಟ್ಟುಕೊಳ್ಳಲಿ ಎಂದು ಯೋಗಾನಂದ ಬಿಟ್ಟುಬಂದ.

ಆ ದಿನದಲ್ಲಿ ಅವನು ನಿಜವಾಗಿ ಸುಖಪಟ್ಟದ್ದು ಅಂಗಡಿಯಲ್ಲಿ ಕಳೆದ ಆ ಹೊತ್ತು ಮಾತ್ರ. ಮಗಳು ಒಂದೊಂದೇ ಜೊತೆ ಎತ್ತಿ ಬಗ್ಗಿಸಿ, "ಇದು ನಿಮ್ಮ ಬೋರ್ಡಿಗೆ ಜಾಸ್ತಿ ಗಟ್ಟಿ", "ಇದರ ಸ್ಟ್ರ್ಯಾಪು ಬೆರಳು ಹಿಂಡುತ್ತೆ" ಎಂದು ಅವನಿಗೆ ಕಲಿಸಿದಳು. ಕೊನೆಗೆ ನಾಲ್ಕು ಅಂಕದ ನೀಲಿ ಜೊತೆಯೊಂದು ಒಪ್ಪಿಗೆಯಾಯಿತು. ಮೂವತ್ತೈದು ದಾಟಿದ್ದರಿಂದ ಯೋಗಾನಂದನ ಮನಸ್ಸಾಕ್ಷಿಗೂ ಸಮಾಧಾನವಾಯಿತು. ಹೊಸ ಲೇಸು ಕೊಳ್ಳಲೆಂದು ನಿಸರ್ಗಾ ತನ್ನ ಬೂಟನ್ನೂ ತಂದಿದ್ದಳು. ಬೂಟು ಮಾತ್ರ ಅವಳ ಸ್ವಂತದ್ದು. ಅದನ್ನೂ ನೀಲಿ ಬೈಂಡಿಂಗಿನಲ್ಲಿಟ್ಟು ಪಟ್ಟಿ ಬಿಗಿದಳು. "ನಂಗೂ ಪರ್ಫೆಕ್ಟ್ ಫಿಟ್! ಗುಡ್ ಚಾಯ್ಸ್, ಅಪ್ಪಾ." ಈ ಮಾತು ಕೇಳಿ ಅವನಿಗೆ ಫ್ರೀವೇ ಉದ್ದಕ್ಕೂ ಹಾಡು ಹೇಳುವಷ್ಟು ಸಂತೋಷವಾಯಿತು.

ಸಂಜೆ ಎಡಗಾಲು ಮುಂದಿಟ್ಟು ಯೋಗಾನಂದ ಹುಲ್ಲಿನ ನೆತ್ತಿಯಿಂದ ಹೊರಟ. ಮೊಣಕಾಲು ಮಡಿಸಿ, ಕೈ ಚಾಚಿ, ಗುಲಾಬಿ ಗಿಡವನ್ನು ಪಕ್ಕಕ್ಕೆ ಬಿಟ್ಟು, ನೇರವಾಗಿ ಬಂದು ಮೇಲ್‌ಬಾಕ್ಸನ್ನು ಅಪ್ಪಿಕೊಂಡು ನಿಂತ. ಬಾಲ್ಕನಿಗಳಿಂದ ಚಪ್ಪಾಳೆ ಬಿತ್ತು. "ಓಕೆ ಅಪ್ಪಾ, ನಾಳೆ ನಾನೂ ನೀವೂ" ಎಂದು ನಿಸರ್ಗಾ ಅವನ ಹೆಲ್ಮೆಟ್ಟನ್ನು ತಟ್ಟಿದಳು. ಮಾಧುರಿ ಆ ವೀಡಿಯೋವನ್ನು ಕಾಂಪ್ಲೆಕ್ಸಿನ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಹಾಕಿದಳು. ಗುಲಾಬಿ ಗಿಡದ್ದನ್ನು ಹಾಕಲಿಲ್ಲ, ಪಾಪ, ಒಳ್ಳೆಯ ಹೆಂಗಸು.

ಊಟಕ್ಕೆ ತಟ್ಟೆ ಹಾಕುವ ಹೊತ್ತಿಗೆ ಬಾಗಿಲು ಬಡಿಯಿತು. ಮೊದಲು ಬಲಗಾಲಿಟ್ಟು ಒಳಬಂದವರು ಗುರುಶಾಂತಪ್ಪನವರು. ಕಂಕುಳಲ್ಲಿ ಬಾಡಿಗೆ ಹಲಗೆ, ಅದರ ಮೇಲೆ ಕಪ್ಪು ಬೈಂಡಿಂಗು. ಹಿಂದೆ ಬಲಗಾಲಿಟ್ಟು ಶಿವರಾಜ, ಬಲಗಾಲಿಟ್ಟು ಮಾಧುರಿ, ಬಲಗಾಲಿಟ್ಟು ಎರಡನೇ ಮಹಡಿಯ ಹಾಸನದ ಲೋಹಿತ್ ಮತ್ತು ಅವನ ಹೆಂಡತಿ. ಎಲ್ಲರ ಕಂಕುಳಲ್ಲೂ ಒಂದೊಂದು ಹಲಗೆ.

"ನಾಳೆ ಎಷ್ಟಕ್ಕ ಬಿಡೂಣು, ಮಾಸ್ತರ?" ಎಂದರು ಗುರುಶಾಂತಪ್ಪನವರು.

"ವೀಡಿಯೋ ನೋಡ್ದೆ ಯೋಗಣ್ಣ, ಏನ್ ಬ್ಯಾಲೆನ್ಸು!" ಎಂದ ಲೋಹಿತ್. "ನೀವಿದೀರ ಅನ್ನೋ ಧೈರ್ಯಕ್ಕೆ ನಾವೂ ಹೊರಟ್ವಿ. ಅಂಗಡಿಯಮ್ಮ ನಮ್ಮನ್ನೂ ಮೆಟ್ಟಿಲು ಹತ್ಸಿದ್ಲು. ಎಲ್ಲಾರ್ದೂ ಬಲಗಾಲೇ."

ಯೋಗಾನಂದ ಮಗಳ ಮುಖ ನೋಡಿದ. ಆಗೋದಿಲ್ಲ ಎಂದು ಹೇಳಿಬಿಡಬೇಕು, ಈಗಲೇ ಹೇಳಬೇಕು ಎಂದು ನಿಶ್ಚಯಿಸಿ ಬಾಯಿ ತೆರೆದ.

ಆಗ ಮಾಧುರಿ ಕೇಳಿದಳು: "ಅಲ್ರಿ, ನನಗ ಆರು ಅಂಕದ್ದು ಕೊಟ್ಟಾಳ. ಗಟ್ಟಿ ಆಗ್ತದೋ ಮೆತ್ತಗಾಗ್ತದೋ?"

ಯೋಗಾನಂದನ ಕೈ ತಾನಾಗಿಯೇ ಹಲಗೆಯ ಮೇಲೆ ಹೋಯಿತು. "ಕೂತ್ಕೊಳಿ" ಎಂದ. "ಮೊದ್ಲು ಬೋರ್ಡ್ ಬಗ್ಗಿಸಿ ನೋಡ್ಬೇಕು. ಬೈಂಡಿಂಗ್ ಅಂದ್ರೇನು? ಕಾಲಿಗೂ ಬೋರ್ಡಿಗೂ ನಡುವಿನ ಮಾತುಕತೆ. ಮತ್ತೆ ಆ ಮೆಟ್ಟಿಲು ಪರೀಕ್ಷೆ ಇದೆಯಲ್ಲ, ಅದು ನಮ್ಮವರಿಗೆ ನಡೆಯಲ್ಲ, ಯಾಕಂದ್ರೆ..."

"ಅಪ್ಪಾ" ಎಂದಳು ನಿಸರ್ಗಾ.

"ಒಂದ್ನಿಮಿಷ ಕಣವ್ವ."

ಒಬ್ಬೊಬ್ಬರನ್ನೇ ಎಬ್ಬಿಸಿ ಹಿಂದಿನಿಂದ ತಳ್ಳಿ ಕಾಲು ಪರೀಕ್ಷಿಸಿದ. ಗುರುಶಾಂತಪ್ಪನವರು ಸೋಫಾದ ಮೇಲೆ ಬಿದ್ದರು, ಅವರದು ನಿಜವಾಗಿಯೂ ಬಲಗಾಲೇ ಎಂದು ತೀರ್ಮಾನವಾಯಿತು. ಮತ್ತೊಮ್ಮೆ "ಅಪ್ಪಾ" ಎಂದದ್ದು ಕೇಳಿಸಿತು. ಮತ್ತೊಮ್ಮೆ ಅವನು ಬೆರಳೆತ್ತಿ ತೋರಿಸಿದ. ಸ್ಕ್ರೂಡ್ರೈವರು ಬಂತು, ಬೈಂಡಿಂಗುಗಳು ಬಿಚ್ಚಿ ಮತ್ತೆ ಕೂತವು. ಇಷ್ಟು ಜನ ತನ್ನ ಮಾತನ್ನು ಇಷ್ಟು ಶ್ರದ್ಧೆಯಿಂದ ಕೇಳಿದ್ದು ಅವನ ಆಯುಷ್ಯದಲ್ಲೇ ಮೊದಲು. ಎಲ್ಲ ಮುಗಿದಾಗ ಅವನಿಗೆ ಶರತ್ತು ನೆನಪಾಯಿತು. ಸರಕ್ಕನೆ ಹಿಂತಿರುಗಿ ನೋಡಿದ. ಬಾಗಿಲ ಬಳಿ ನಿಸರ್ಗಾಳ ಬೂಟು ಇರಲಿಲ್ಲ.

"ಉಮಾ, ಮಗು ಎಲ್ಲಿ?"

"ಆಕಾಶನ ಅಮ್ಮ ಬಂದು ಕರ್ಕೊಂಡ್ ಹೋದ್ರು. ಬೆಳಿಗ್ಗೆ ಅಲ್ಲಿಂದಾನೇ ತಾಹೋಗೆ ಹೊರಡ್ತಾರಂತೆ. ಎರಡು ಸಲ ಕರೆದ್ಲು, ನೀವು ಪಾಠ ಮಾಡ್ತಿದ್ರಿ."

ಯೋಗಾನಂದ ಗೋಡೆಯ ಕಡೆ ನೋಡಿದ. ಅಲ್ಲಿ ಒರಗಿಸಿದ್ದ, ಕುಂಕುಮ ಹಚ್ಚಿದ, ನೀಲಿ ಬೈಂಡಿಂಗಿನ ಹಲಗೆಯೂ ಇರಲಿಲ್ಲ.

"ಅದನ್ನೂ ತಗೊಂಡ್ ಹೋದ್ಲು" ಎಂದಳು ಉಮಾಶ್ರೀ. "ಎಡಗಾಲು ಮುಂದೆ, ಅಳತೇನೂ ಸರಿ, ಇನ್ನು ಬಾಡಿಗೆ ಯಾಕೆ ಅಂದ್ಲು. ಅಪ್ಪ ತುಂಬಾ ಚೆನ್ನಾಗಿ ಸೆಲೆಕ್ಟ್ ಮಾಡಿದಾರೆ ಅಂತ ಹೇಳು ಅಂದ್ಲು."

ಯೋಗಾನಂದ ಸೋಫಾದಲ್ಲಿ ಕುಸಿದ. ಮಾಧುರಿ ನಾಳೆಗೆ ಪುಳಿಯೋಗರೆ ತಾನು ತರುತ್ತೇನೆ ಎಂದಳು. ಲೋಹಿತನ ಹೆಂಡತಿ ಹಾಗಾದರೆ ಮೊಸರನ್ನ ನನ್ನದು ಎಂದಳು. ಗುರುಶಾಂತಪ್ಪನವರು ಪಕ್ಕಕ್ಕೆ ಸರಿದು ಅವನ ತೊಡೆ ತಟ್ಟಿದರು.

"ಹಲಗಿ ಹೋತಂತ ಚಿಂತಿ ಮಾಡಬ್ಯಾಡ್ರಿ ಮಾಸ್ತರ. ನನ್ನ ಒಂಬತ್ತು ಮಾರ್ಕಿನ್ವು ಅದಾವಲ್ಲ. ಪಾಳಿ ಮ್ಯಾಲ ಹಾಕ್ಕೊಳ್ಳೂಣು. ಹ್ಯಾಂಗೂ ಬಲಗಾಲಿಗೇ ಕುಂತಾವ."